ಭೀಮಬಾಯಿ ನುಂಗಿದ ಎರಡು ಗುಳಗಿ

ಶಹಾಬಾದಿನ ಸ್ಟೇಷನ್ ರಸ್ತೆಯಲ್ಲಿ ರಕ್ತ ತಪಾಸಣೆಯ ಲ್ಯಾಬ್ ಇಟ್ಟಿದ್ದ ಪಾಂಡುರಂಗರಾಯರಿಗೆ ಒಂದೇ ಒಂದು ತೊಂದರೆಯಿತ್ತು. ರಕ್ತ ಕಂಡರೆ ಅವರಿಗೆ ತಲೆ ತಿರುಗುತ್ತಿತ್ತು. ಬಿ.ಎಸ್ಸಿ. ಮುಗಿಸಿ, ಲ್ಯಾಬಿನ ಡಿಪ್ಲೊಮಾ ಬೇರೆ ಮಾಡಿಕೊಂಡಿದ್ದರು. ಅದನ್ನು ಹೇಗೆ ಪಾಸು ಮಾಡಿದರೆಂಬುದನ್ನು ಅವರ ಹೆಸರಿನ ದೇವರೇ ಬಲ್ಲ. ಲ್ಯಾಬ್ ತೆರೆದ ದಿನ ಮೊದಲ ಗಿರಾಕಿಯ ತೋಳಿಗೆ ಸೂಜಿ ಚುಚ್ಚಿದವರು ಆತನ ತೊಡೆಯ ಮೇಲೇ ಒರಗಿಬಿಟ್ಟರು. ಗಿರಾಕಿ ಒಂದು ಕೈಯಲ್ಲಿ ಸೂಜಿ ಹಿಡಿದುಕೊಂಡು, ಇನ್ನೊಂದು ಕೈಯಿಂದ ರಾಯರ ಮುಖಕ್ಕೆ ನೀರು ಚಿಮುಕಿಸಿದ.

ಇಂಥ ಪುಣ್ಯಾತ್ಮರ ಲ್ಯಾಬ್ ಮುಚ್ಚದೆ ಉಳಿದದ್ದು ಭೀಮಬಾಯಿಯಿಂದ.

1996ರಲ್ಲಿ ಆಕೆ ಅಲ್ಲಿಗೆ ಬಂದದ್ದು ಬಾಟಲಿ ತೊಳೆಯಲು. ತವರು ಭೀಮಾ ದಂಡೆಯ ಸನ್ನತಿ. ಮದುವೆಗೆ ಮುಂಚೆ ಅಲ್ಲಿ ಪುರಾತತ್ವದವರು ನೆಲ ಅಗೆಯುತ್ತಿದ್ದಾಗ ಊರಿನ ಹೆಂಗಸರ ಜೊತೆ ಕೂಲಿಗೆ ಹೋಗಿ, ಬುಟ್ಟಿಗಟ್ಟಲೆ ಹಳೆಯ ಗಡಿಗೆಯ ಚೂರುಗಳನ್ನು ತೊಳೆದಿದ್ದಳು. ಯಾವ ಬುಟ್ಟಿಯ ಚೂರು ಯಾವ ಗುಂಡಿಯದು ಎಂಬ ಚೀಟಿ ತಪ್ಪಿದರೆ ಸಾಹೇಬರು ಕೆಂಡವಾಗುತ್ತಿದ್ದರು. ಆದ್ದರಿಂದ ಚೀಟಿ ಅಂಟಿಸುವುದು ಆಕೆಯ ಕೈಗೆ ಅಂಟಿದ ಗುಣ. ಮೊದಲ ದಿನ ರಾಯರು ಬಾಟಲಿ ತೊಳೆಯುವ ಬಗೆಯನ್ನು ವಿವರಿಸಲು ಹೊರಟಾಗ ಆಕೆ ಕೈ ಅಡ್ಡ ಮಾಡಿದಳು.

"ಎರಡು ಸಾವಿರ ವರ್ಷದ ಒಡಕ ಗಡಿಗಿ ತೊಳದಾಕಿ ಅದೀನ್ರೀ ರಾಯರ. ನಿಮ್ಮ ನಿನ್ನೀದು ಬಾಟ್ಲಿ ಏನು ದೊಡ್ಡ ಮಾತು?"

ವರ್ಷ ತುಂಬುವುದರೊಳಗೆ ಸೂಜಿಯೂ ಆಕೆಯ ಕೈಗೆ ಬಂತು. ರಾಯರು ಮುಖ ಗೋಡೆಗೆ ತಿರುಗಿಸಿ ನಿಂತು ಹೇಳಿಕೊಟ್ಟರು, ಆಕೆ ನೋಡಿ ಕಲಿತಳು. ಕಲ್ಲಿನ ಗಣಿಯಲ್ಲಿ ದುಡಿದು ಚರ್ಮ ದಪ್ಪಗಾದ ತೋಳಿನಲ್ಲೂ ನರ ಹುಡುಕುವ ಚಳಕ ಅವಳಿಗಿತ್ತು. ಮೈಯಲ್ಲಿ ಉರಿಯೂತ ಇದೆಯೇ ಎಂದು ನೋಡಲು ಲ್ಯಾಬಿನಲ್ಲಿ ಎರಡು ದಾರಿಗಳಿದ್ದವು. ಒಂದು, ಉದ್ದನೆಯ ಗಾಜಿನ ನಳಿಗೆಯಲ್ಲಿ ರಕ್ತ ನಿಲ್ಲಿಸಿ, ಅದು ಒಂದು ತಾಸಿನಲ್ಲಿ ಎಷ್ಟು ಕೆಳಗಿಳಿಯಿತು ಎಂದು ಅಳೆಯುವುದು. ಇನ್ನೊಂದು, ಕಪ್ಪು ಸ್ಲೈಡಿನ ಮೇಲೆ ಹಾಲಿನಂಥ ಔಷಧದ ಹನಿಗೆ ರಕ್ತದ ತಿಳಿ ಬೆರೆಸಿ ಅಲುಗಾಡಿಸುವುದು. ಉರಿಯೂತವಿದ್ದರೆ ಹಾಲು ಒಡೆದಂತೆ ಕರಣೆ ಕಟ್ಟುತ್ತದೆ, ಇಲ್ಲದಿದ್ದರೆ ಇಲ್ಲ. ಭೀಮಬಾಯಿ ಸ್ಲೈಡನ್ನು ಬೆಳಕಿಗೆ ಹಿಡಿದು "ಒಡದದ" ಅಥವಾ "ಒಡದಿಲ್ಲ" ಎನ್ನುತ್ತಿದ್ದಳು, ರಾಯರು ಇಂಗ್ಲಿಷಿನಲ್ಲಿ ಬರೆದು ಸಹಿ ಹಾಕುತ್ತಿದ್ದರು. ಊರಿನ ಡಾಕ್ಟರರು ರಿಪೋರ್ಟ್ ಓದಿದ ಮೇಲೆ "ಭೀಮಬಾಯಿ ನೋಡ್ಯಾಳೋ, ರಾಯರು ನೋಡ್ಯಾರೋ?" ಎಂದು ಕೇಳುತ್ತಿದ್ದರು. ರಾಯರು ನೋಡಿದ್ದೆಂದರೆ ಇನ್ನೊಮ್ಮೆ ಮಾಡಿಸುತ್ತಿದ್ದರು.

ಹೀಗೆ ಎಂಟು ವರ್ಷ ನಡೆಯಿತು. 2004ರಲ್ಲಿ, ಗಣಪತಿ ಹಬ್ಬ ಮುಗಿದ ಮರುವಾರ, ರಾಯರ ಅಣ್ಣನ ಮಗಳು ಪ್ರಮಿತಾ ಎರಡು ಸೂಟ್‌ಕೇಸು ಹಿಡಿದು ಲ್ಯಾಬಿಗೆ ಬಂದಳು. ಹೈದರಾಬಾದಿನಲ್ಲಿ ಪಿಎಚ್.ಡಿ. ಮಾಡುತ್ತಿದ್ದ ಹುಡುಗಿ. ಒಂದು ಸೂಟ್‌ಕೇಸಿನಲ್ಲಿ ಬಟ್ಟೆ. ಇನ್ನೊಂದರಲ್ಲಿ ಲ್ಯಾಪ್‌ಟಾಪು, ತಂತಿ ಹೊರಟ ಒಂದು ಡಬ್ಬಿ, ಬೆರಳುದ್ದದ ನೂರಾರು ಪ್ಲಾಸ್ಟಿಕ್ ಪಟ್ಟಿಗಳು. ಪ್ರತಿ ಪಟ್ಟಿಯ ತುದಿಯಲ್ಲಿ ಹಣೆಬೊಟ್ಟಿನಷ್ಟು ಕಪ್ಪು ಚುಕ್ಕೆ.

"ಈ ಚುಕ್ಕಿಯೊಳಗ ಬಂಗಾರ ಅದ ಭೀಮಕ್ಕ," ಎಂದಳು ಪ್ರಮಿತಾ.

ಭೀಮಬಾಯಿ ಪಟ್ಟಿಯನ್ನು ಕಿಟಕಿಗೆ ಹಿಡಿದು ತಿರುವಿ ನೋಡಿದಳು. "ಎಲ್ಲದ?"

"ಕಣ್ಣಿಗೆ ಕಾಣೂದಿಲ್ಲ. ಕೂದಲಾ ಅಡ್ಡ ಸೀಳಿ ಸಾವಿರ ಪಾಲು ಮಾಡಿದ್ರ, ಅದಕ್ಕಿಂತಾ ಸಣ್ಣ ಕಣ. ನ್ಯಾನೊ ಅಂತಾರ." ಪ್ರಮಿತಾ ಒಂದು ಸೀಸೆ ತೋರಿಸಿದಳು. ಒಳಗಿನ ನೀರು ಕುಂಕುಮ ಕದಡಿದಂತೆ ಕೆಂಪಗಿತ್ತು. "ಇದೇ ಬಂಗಾರ. ಅಷ್ಟು ಸಣ್ಣ ಆದ್ರ ಹಿಂಗ ಕೆಂಪ ಕಾಣ್ತದ."

"ನಮ್ಮತ್ತಿನೂ ಮದವ್ಯಾಗ ಹಿಂಗೇ ಹೇಳಿದ್ಲು. 'ಬಂಗಾರ ಹಾಕೀನಿ, ನಿನ್ನ ಕಣ್ಣಿಗೇ ಕಾಣವಲ್ದು' ಅಂತ."

ಪ್ರಮಿತಾ ನಕ್ಕಳು. ಆಮೇಲೆ ನಿಧಾನವಾಗಿ ಬಿಡಿಸಿ ಹೇಳಿದಳು. ಮೈಯಲ್ಲಿ ಎಲ್ಲೇ ಉರಿಯೂತ ಎದ್ದರೂ ಯಕೃತ್ತು ಸಿಆರ್‌ಪಿ ಎಂಬ ಒಂದು ಪ್ರೊಟೀನನ್ನು ರಕ್ತಕ್ಕೆ ಬಿಡುತ್ತದೆ. ಕಪ್ಪು ಸ್ಲೈಡಿನ ಮೇಲೆ ಹಾಲು ಒಡೆಯುವುದೂ ಅದರಿಂದಲೇ. ಈ ಪಟ್ಟಿಯ ಬಂಗಾರದ ಕಣಗಳಿಗೆ ಅದೇ ಪ್ರೊಟೀನನ್ನು ಹಿಡಿಯುವ ಕೊಂಡಿಗಳನ್ನು ಅಂಟಿಸಿದ್ದಾರೆ. ಒಂದು ಹನಿ ರಕ್ತ ಬಿಟ್ಟರೆ ಸಿಆರ್‌ಪಿ ಬಂದು ಸಿಕ್ಕಿಕೊಳ್ಳುತ್ತದೆ. ಸಿಕ್ಕಿಕೊಂಡಷ್ಟೂ ಪಟ್ಟಿಯಲ್ಲಿ ಹರಿಯುವ ಕರೆಂಟು ಹೆಚ್ಚುತ್ತದೆ. ಡಬ್ಬಿ ಅದನ್ನು ಅಳೆದು ಮೂರು ನಿಮಿಷದಲ್ಲಿ ಅಂಕಿ ತೋರಿಸುತ್ತದೆ. ಕಲ್ಲುಗಣಿಯ ಧೂಳು ಕುಡಿಯುವವರ ಮೈಯಲ್ಲಿ ಉರಿಯೂತ ಎಷ್ಟಿದೆ ಎಂದು ನೋಡುವುದು ಅವಳ ಕೆಲಸ. ಅರವತ್ತು ಜನರ ರಕ್ತ ಬೇಕು.

"ಅರವತ್ತೇನು, ಆರ್ನೂರು ತೆಗದು ಕೊಡ್ತೀನಿ. ನಿಮ್ಮ ಕಾಕಾಗ ಮಾತ್ರ ಹೊರಗ ಕುಂದರ್ಸು," ಎಂದಳು ಭೀಮಬಾಯಿ.

ಮರುದಿನದಿಂದ ಗಣಿಯವರು ಕೆಲಸಕ್ಕೆ ಹೋಗುವ ಮುಂಚೆ ಲ್ಯಾಬಿಗೆ ಬಂದು ಸಾಲು ಹಚ್ಚಿದರು. ಭೀಮಬಾಯಿ ರಕ್ತ ತೆಗೆಯುವುದು, ಪ್ರಮಿತಾ ಪಟ್ಟಿಗೆ ಹನಿ ಬಿಡುವುದು. ಪಟ್ಟಿಯ ಮಾತಿಗೆ ಸಾಕ್ಷಿ ಇರಲೆಂದು ಪ್ರತಿಯೊಬ್ಬರ ರಕ್ತವನ್ನೂ ಭೀಮಬಾಯಿ ಕಪ್ಪು ಸ್ಲೈಡಿನ ಮೇಲೂ ನೋಡುತ್ತಿದ್ದಳು. ಎರಡು ವಾರದಲ್ಲಿ ಅರವತ್ತೂ ಮುಗಿದವು. ಪಟ್ಟಿಯ ಪ್ರಕಾರ ಐವತ್ತೆರಡು ಜನರ ಮೈಯಲ್ಲಿ ಉರಿಯೂತ. ಸ್ಲೈಡಿನ ಪ್ರಕಾರ ಹನ್ನೊಂದೇ ಜನ.

ಪ್ರಮಿತಾಳ ಮಾರ್ಗದರ್ಶಕ ಡಾ. ಅಭಯ ಫೋನಿನಲ್ಲಿ ಅಂಕಿ ಕೇಳಿ ಕುಣಿದಾಡಿದರು. ಅವರು ಮೂಲದಲ್ಲಿ ಸೇಡಂನವರೇ. ಆದರೆ ಹೈದರಾಬಾದಿನಲ್ಲಿ ಇಪ್ಪತ್ತು ವರ್ಷವಿದ್ದು, ಸೇಡಂ ಎಂದರೆ ನಕ್ಷೆಯಲ್ಲಿ ಹುಡುಕಬೇಕಾದ ಊರು ಎನ್ನುವ ಹಾಗೆ ಮಾತಾಡುತ್ತಿದ್ದರು. ಧೂಳಿನ ಹಾನಿಯನ್ನು ಹಳೆಯ ಸ್ಲೈಡು ಹಿಡಿಯಲಾರದು, ನಮ್ಮ ಪಟ್ಟಿ ಹಿಡಿಯಿತು, ಅಂದಮೇಲೆ ಪಟ್ಟಿಯೇ ಗೆದ್ದಿತು ಎಂದು ಅವರು ತೀರ್ಮಾನಿಸಿದರು. ಡಿಸೆಂಬರಿನ ಸಮ್ಮೇಳನಕ್ಕೆ ಪ್ರಬಂಧದ ಸಾರಾಂಶವನ್ನೂ ಕಳಿಸಿಬಿಟ್ಟರು.

ಭೀಮಬಾಯಿಗೆ ಮಾತ್ರ ಇದು ಗಂಟಲಲ್ಲಿ ಇಳಿಯಲಿಲ್ಲ. ಎಂಟು ವರ್ಷದಲ್ಲಿ ಅವಳ ಸ್ಲೈಡು ಒಂದೋ ಎರಡೋ ಸಲ ತಪ್ಪಿರಬಹುದು. ಒಮ್ಮೆಲೇ ನಲವತ್ತೊಂದು ಸಲ ತಪ್ಪುವುದೆಂದರೇನು?

ಅಷ್ಟರಲ್ಲಿ ರಮಜಾನ್ ಬಂತು. ಪಟ್ಟಿಯ ಅಂಕಿ ತಿಂಗಳಿಂದ ತಿಂಗಳಿಗೆ ಹೇಗೆ ಬದಲಾಗುತ್ತದೆಂದು ನೋಡಲು ಪ್ರಮಿತಾ ಹತ್ತು ಜನರನ್ನು ಮತ್ತೆ ಕರೆಸಿದ್ದಳು. ಅವರಲ್ಲಿ ನೆಲಕ್ಕೆ ಹಾಸುವ ಪರಸಿ ಕಲ್ಲು ಸೀಳುವುದರಲ್ಲಿ ಕೈ ಪಳಗಿದ ಬಾಬುಮಿಯಾ ಒಬ್ಬ. ಕಳೆದ ಸಲ ಅವನ ಅಂಕಿ ಎಲ್ಲರಿಗಿಂತ ಮೇಲಿತ್ತು. ಈಗ ನೆಲ ಕಚ್ಚಿತ್ತು. ರೋಜಾ ಹಿಡಿದಿದ್ದ ಇನ್ನೂ ಮೂವರದೂ ಹಾಗೆಯೇ. ಉಳಿದ ಆರು ಜನರದು ಎಲ್ಲಿತ್ತೋ ಅಲ್ಲೇ.

ಪಾಂಡುರಂಗರಾಯರಿಗೆ ಆನಂದವೋ ಆನಂದ. "ನೋಡು, ಉಪವಾಸದ ಮಹಿಮಾ! ನಾ ಏಕಾದಶಿ ಮಾಡ್ತೀನಲ್ಲ, ಅದಕ್ಕೇ ನನಗ ಒಂದು ನೆಗಡಿ ಇಲ್ಲ."

"ಏಕಾದಶಿ ದಿನಾ ನೀವು ಸಾಬೂದಾಣಿ ಖಿಚಡಿ ಎರಡು ತಾಟು ಹೊಡೀತೀರಿ ರಾಯರ. ಅದೂ ಉಪವಾಸ ಅಂದ್ರ ನಾ ದಿನಾ ಮಾಡ್ತೀನಿ."

ಡಾ. ಅಭಯರು ಫೋನಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಉಪವಾಸ ಮತ್ತು ಉರಿಯೂತದ ಮೇಲೆ ಎರಡನೆಯ ಪ್ರಬಂಧ ಬರೆಯಲು ಪ್ರಮಿತಾಗೆ ಹೇಳಿದರು. ಭೀಮಬಾಯಿ ಇವರ್ಯಾರನ್ನೂ ಕೇಳಲಿಲ್ಲ. ಹೊರಗೆ ಚಪ್ಪಲಿ ಮೆಟ್ಟುತ್ತಿದ್ದ ಬಾಬುಮಿಯಾನನ್ನು ಕೇಳಿದಳು.

"ಬಾಬುಭಾಯಿ, ರೋಜಾದಾಗ ಊಟ ಬಿಟ್ಟು ಮತ್ತೇನು ಬಿಟ್ಟೀರಿ?"

"ಊಟ, ನೀರು, ಬೀಡಿ, ಗುಳಗಿ. ಎಲ್ಲಾ ಬಂದ್, ಬಾಯಿ."

"ಯಾವ ಗುಳಗಿ?"

"ಅದೇ, ಮೈಕೈ ನೋವಿಂದು ಬಿಳೇದು. ಕಲ್ಲು ಎತ್ತಾವ್ರು ಎಲ್ಲಾ ತಿಂತಾರ. ಮುಂಜಾನಿ ಚಾದ ಜೋಡಿ ಎರಡು ನುಂಗಿದ್ರನೇ ಸೊಂಟ ನೆಟ್ಟಗ ನಿಲ್ಲೂದು. ಈಗ ನಸುಕಿನ್ಯಾಗ ಸಹರಿ ಊಟದ ಜೋಡಿ ನುಂಗಿದ್ರ ಬಿಸಿಲೇರೂದ್ರಾಗ ಗುಳಗಿ ಜೋರು ಇಳೀತದ. ಅದಕ್ಕ ಬಿಟ್ಟೇಬಿಟ್ಟೆ."

ಭೀಮಬಾಯಿ ಒಳಗೆ ಬಂದು ಕುರ್ಚಿಯ ಮೇಲೆ ಕೂತು ತೋಳು ಚಾಚಿದಳು. "ಪ್ರಮಿತವ್ವ, ನಂದು ರಕ್ತ ತೆಗಿ."

"ಯಾಕ ಭೀಮಕ್ಕ?"

"ತೆಗಿ ಮೊದಲ. ಆಮ್ಯಾಲ ಹೇಳ್ತೀನಿ."

ಪಟ್ಟಿಯ ಅಂಕಿ ತೀರ ಕಡಿಮೆ ಬಂತು. ಸ್ಲೈಡಿನಲ್ಲಿ ಹಾಲು ಒಡೆಯಲಿಲ್ಲ. ಭೀಮಬಾಯಿ ಎದುರಿನ ಔಷಧದ ಅಂಗಡಿಯಿಂದ ಬಿಳಿಯ ಗುಳಗಿ ತರಿಸಿ, ಎರಡನ್ನು ಚಹಾದ ಜೊತೆ ನುಂಗಿ, ಮುಕ್ಕಾಲು ತಾಸು ಬಾಟಲಿ ತೊಳೆದಳು. ಮತ್ತೆ ಬಂದು ತೋಳು ಚಾಚಿದಳು. ಈ ಸಲ ಪಟ್ಟಿಯ ಅಂಕಿ ಬಾಬುಮಿಯಾನ ಹಳೆಯ ಅಂಕಿಯ ಪಕ್ಕಕ್ಕೆ ಹೋಗಿ ನಿಂತಿತು. ಸ್ಲೈಡು ಮಾತ್ರ ಮೊದಲಿನಂತೆಯೇ ತಿಳಿಯಾಗಿತ್ತು.

"ಮುಕ್ಕಾಲು ತಾಸಿನ್ಯಾಗ ನನ್ನ ಮೈಗೆ ಏನು ಬಾವು ಬಂತು? ಬಾಟ್ಲಿ ತೊಳದ್ರ ಬಾವು ಬರ್ತದೇನು?"

ಪ್ರಮಿತಾಳ ಮುಖ ಬಿಳಿಚಿತು. ಸಿಆರ್‌ಪಿ ಏರಲು ಆರೇಳು ತಾಸಾದರೂ ಬೇಕೆಂದು ಅವಳಿಗೆ ಗೊತ್ತಿತ್ತು. ಕೆಲವು ಔಷಧಗಳು ರಕ್ತಕ್ಕೆ ಇಳಿದರೆ ಪಟ್ಟಿಯ ಮೇಲೆ ತಾವೇ ಕರೆಂಟು ಹುಟ್ಟಿಸುತ್ತವೆ ಎಂಬುದೂ ಗೊತ್ತಿತ್ತು, ಪುಸ್ತಕದಲ್ಲಿ ಓದಿದ್ದಳು. ಆದರೆ ಗಣಿಗೆ ಗಣಿಯೇ ಮುಂಜಾನೆ ಗುಳಗಿ ನುಂಗಿ ಬರುತ್ತದೆಂದು ಯಾವ ಪುಸ್ತಕದಲ್ಲೂ ಇರಲಿಲ್ಲ. ಕರೆಂಟು ಕರೆಂಟೇ. ಅದು ಸಿಆರ್‌ಪಿಯಿಂದ ಬಂತೋ ಗುಳಗಿಯಿಂದ ಬಂತೋ ಎಂದು ಡಬ್ಬಿ ಕೇಳುವುದಿಲ್ಲ. ಎರಡು ವರ್ಷದ ದುಡಿಮೆ ಎರಡು ಗುಳಗಿಯಲ್ಲಿ ಕರಗಿಹೋಯಿತೆಂದು ಹುಡುಗಿ ಅತ್ತಳು. ರಾಯರು ಸಮಾಧಾನ ಮಾಡಲು ಬಂದು, ಮೇಜಿನ ಮೇಲಿದ್ದ ರಕ್ತದ ನಳಿಗೆ ಕಂಡು ಬಾಗಿಲಿನಿಂದಲೇ ಹಿಂತಿರುಗಿದರು.

ಡಾ. ಅಭಯರಿಗೆ ಸುದ್ದಿ ಮುಟ್ಟಿದಾಗ ಅವರು ಅಳಲಿಲ್ಲ, ಸಿಟ್ಟಾದರು. ಫೋನಿನ ದನಿ ಕೋಣೆಯವರಿಗೆಲ್ಲ ಕೇಳಿಸುವಷ್ಟು ದೊಡ್ಡದಿತ್ತು. "ಬಾಟ್ಲಿ ತೊಳೆಯಾಕಿ ಮಾತು ಕೇಳಿ ನಾ ಪ್ರಬಂಧ ವಾಪಸ್ ತಗೋಬೇಕೇನು?"

ಭೀಮಬಾಯಿ ಫೋನಿನ ಹತ್ತಿರ ಬಾಯಿ ತಂದು, "ಮಾತು ಕೇಳಬ್ಯಾಡ್ರಿ ಸರ್. ಎರಡು ಗುಳಗಿ ನುಂಗಿ ನೋಡ್ರಿ," ಎಂದಳು.

ಆಚೆಯಿಂದ ಫೋನು ಕುಕ್ಕಿದ ಸದ್ದು ಬಂತು. ಆದರೆ ಮನುಷ್ಯ ಕೆಟ್ಟವನಲ್ಲ. ಮೂರು ದಿನದ ನಂತರ ತಾವೇ ಫೋನು ಮಾಡಿ, ಸಮ್ಮೇಳನದಿಂದ ಹೆಸರು ವಾಪಸು ತೆಗೆದುಕೊಂಡಿರುವುದಾಗಿ ಪ್ರಮಿತಾಗೆ ತಿಳಿಸಿದರು. ಗುಳಗಿ ನುಂಗಿ ನೋಡಿದಿರಾ ಎಂದು ಅವಳು ಕೇಳಲಿಲ್ಲ, ಅವರು ಹೇಳಲಿಲ್ಲ.

ಈಗ ದಾರಿ ಹುಡುಕಬೇಕಿತ್ತು. ಗುಳಗಿ ಬಿಟ್ಟು ಬನ್ನಿರೆಂದು ಗಣಿಯವರಿಗೆ ಹೇಳುವುದು, ಉಸಿರಾಡದೆ ಬನ್ನಿರೆಂದು ಹೇಳಿದ ಹಾಗೆ. ಪ್ರಮಿತಾ ಆ ವಾರವೆಲ್ಲ ಭೀಮಬಾಯಿಯ ಮನೆಯ ಕಟ್ಟೆಯ ಮೇಲೆ ಕೂತು ರೊಟ್ಟಿ ಮುರಿಯುತ್ತ ಇದನ್ನೇ ಹೇಳಿಕೊಂಡಳು. ಭೀಮಬಾಯಿಯ ಗಂಡ ಭಾಗಣ್ಣ ತೊಗರಿ ಬೇಳೆಯ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ. ಮಾತು ಕಡಿಮೆ. ಬಂಗಾರದ ಕಣವೆಂದರೆ ಅವನಿಗೆ ನಂಬಿಕೆಯೇ ಇರಲಿಲ್ಲ. ಆದರೆ ತೂಕದ ವಿಷಯ ಬಂದರೆ ಅವನನ್ನು ಮೀರಿಸುವವರಿರಲಿಲ್ಲ.

"ಕರೆಂಟದಾಗ ಗುಳಗೀದೆಷ್ಟು, ಬಾವಿಂದೆಷ್ಟು, ಹ್ಯಾಂಗ ಬ್ಯಾರೆ ಮಾಡೂದು?" ಎಂದು ಭೀಮಬಾಯಿ ಯಾರನ್ನೂ ನೋಡದೆ ಕೇಳಿದಳು.

ಭಾಗಣ್ಣ ರೊಟ್ಟಿ ನುಂಗಿ ಹೇಳಿದ. "ಬಾರದಾನ ಕಡೀರಿ."

"ಅಂದ್ರ?" ಎಂದಳು ಪ್ರಮಿತಾ.

"ತೊಗರಿ ಚೀಲ ತೂಗ್ತೀವಲ್ರೀ, ಅದರಾಗ ಗೋಣಿಚೀಲದ ತೂಕನೂ ಇರ್ತದ. ಅದಕ್ಕ ಬಾರದಾನ ಅಂತೀವಿ. ಮಳಿಗಾಲದಾಗ ಗೋಣಿ ಹಸಿ ಆದ್ರ ಅದರ ತೂಕನೂ ಏರ್ತದ. ಅದಕ್ಕ ಅಂಥದೇ ಖಾಲಿ ಚೀಲ ಒಂದು ಕಾಂಟಾದ ಮ್ಯಾಲ ಇಟ್ಟು, ಬಂದಷ್ಟು ಕಡೀತೀವಿ. ಉಳದದ್ದು ತೊಗರಿ."

ಪ್ರಮಿತಾ ತಟ್ಟೆ ಕೆಳಗಿಟ್ಟು, ಎಂಜಲು ಕೈಯಲ್ಲೇ ಪೆನ್ನು ಹಿಡಿದಳು. ಪಟ್ಟಿಯ ಮೇಲೆ ಒಂದು ಚುಕ್ಕೆಯ ಬದಲು ಎರಡು. ಎರಡರಲ್ಲೂ ಅದೇ ಬಂಗಾರ, ಚುಕ್ಕೆಯ ಅದೇ ಕಪ್ಪು ಮಸಿ. ಒಂದಕ್ಕೆ ಸಿಆರ್‌ಪಿ ಹಿಡಿಯುವ ಕೊಂಡಿ, ಇನ್ನೊಂದು ಖಾಲಿ. ಗುಳಗಿಯ ಕರೆಂಟು ಎರಡರಲ್ಲೂ ಒಂದೇ ಸಮ ಬರುತ್ತದೆ, ಸಿಆರ್‌ಪಿಯದು ಒಂದರಲ್ಲಿ ಮಾತ್ರ. ಒಂದರಿಂದ ಇನ್ನೊಂದನ್ನು ಕಳೆದರೆ ಮುಗಿಯಿತು. ಇಂಥದನ್ನು ಬೇರೆಯವರೂ ಮಾಡಿದ್ದಾರೆಂದು ಅವಳಿಗೆ ಆಮೇಲೆ ಓದಿ ತಿಳಿಯಿತು. ಅವರೆಲ್ಲ ಅದಕ್ಕೆ ದೊಡ್ಡ ದೊಡ್ಡ ಹೆಸರು ಇಟ್ಟಿದ್ದರು. ಭಾಗಣ್ಣನಿಗೆ ಅದು ಬಾರದಾನ ಅಷ್ಟೇ.

ಹೊಸ ಪಟ್ಟಿ ತಯಾರಾಗಿ ಬರಲು ಎಂಟು ತಿಂಗಳು ಹಿಡಿಯಿತು. 2005ರ ಮಳೆಗಾಲದಲ್ಲಿ ಅರವತ್ತು ಜನರನ್ನೂ ಮತ್ತೆ ಕರೆಸಿದರು. ಮೊದಲು ಭೀಮಬಾಯಿಯೇ ಗುಳಗಿ ನುಂಗಿ ಪರೀಕ್ಷೆಗೆ ಕೂತಳು. ಪಟ್ಟಿ ಮೋಸಹೋಗಲಿಲ್ಲ. ಅರವತ್ತರಲ್ಲಿ ಹದಿಮೂರು ಜನರ ಅಂಕಿ ಹೆಚ್ಚಿತ್ತು. ಸ್ಲೈಡು ಹನ್ನೆರಡು ಎಂದಿತು. ಉಳಿದ ಒಬ್ಬನದನ್ನು ಭೀಮಬಾಯಿ ಇನ್ನೊಮ್ಮೆ ಬೆಳಕಿಗೆ ಹಿಡಿದು ನೋಡಿ, "ಕಣ್ಣಿಗೆ ಚಷ್ಮಾ ಬೇಕಾಗ್ಯದ, ಒಡದದ," ಎಂದು ಒಪ್ಪಿಕೊಂಡಳು. ಆ ಹದಿಮೂರು ಜನರನ್ನೂ ಎದೆಯ ಡಾಕ್ಟರರ ಹತ್ತಿರ ಕಳಿಸಲಾಯಿತು. ಬಾಬುಮಿಯಾ ಅವರಲ್ಲಿ ಇರಲಿಲ್ಲ. ತನ್ನ ಮೈ ಶುದ್ಧವಿದೆಯೆಂದು ಆತ ಓಣಿ ತುಂಬ ಹೇಳಿಕೊಂಡು ತಿರುಗಿದ.

ಕೊನೆಯ ದಿನ ಡಾ. ಅಭಯರೇ ಬಂದರು. ಜೊತೆಗೆ ಯೋಜನೆಗೆ ನೆರವು ಕೊಡುವ ಇಬ್ಬರು ಅಧಿಕಾರಿಗಳು. ರಾಯರು ಹೊಸ ಧೋತರ ಉಟ್ಟು ಎಲ್ಲರಿಗೂ ಕುರ್ಚಿ ಹಾಕಿಸಿದರು. ಅಧಿಕಾರಿಗಳು ಕೂತರು. ಡಾ. ಅಭಯರು ನಿಂತೇ ಭಾಷಣ ಮಾಡಿದರು, ನಿಂತೇ ಚಹಾ ಕುಡಿದರು. ಕಡೆಗೆ ಪಟ್ಟಿಯ ಕೆಲಸ ತೋರಿಸಲು ತಮ್ಮ ಬೆರಳನ್ನೇ ಮುಂದೆ ಮಾಡಿದರು. "ಆರೋಗ್ಯವಂತನ ರಕ್ತದಾಗ ಅಂಕಿ ಎಷ್ಟು ಕಡಿಮಿ ಇರ್ತದ, ನೀವೇ ನೋಡ್ರಿ."

ಹೆಸರು ಅಭಯ. ಆದರೆ ಸೂಜಿ ಕಂಡಾಗ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡರು. ಭೀಮಬಾಯಿ ಚುಚ್ಚಿದಳು. ಮೂರು ನಿಮಿಷ ಕಳೆಯಿತು. ಲ್ಯಾಪ್‌ಟಾಪಿನ ಮೇಲೆ ಬಂದ ಅಂಕಿ, ಆ ಅರವತ್ತು ಗಣಿಯವರಲ್ಲಿ ಯಾರಿಗೂ ಬಂದಿರದಷ್ಟು ದೊಡ್ಡದಿತ್ತು.

ಅಧಿಕಾರಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಡಾ. ಅಭಯರು ಬೆವರಿದರು. "ಪಟ್ಟಿ ಕೆಟ್ಟದ. ಇನ್ನೊಂದು ಹಾಕು." ಇನ್ನೊಂದಕ್ಕೂ ಅದೇ ಅಂಕಿ. ಪ್ರಮಿತಾ ಅಳುವುದೊಂದು ಬಾಕಿ. ಭೀಮಬಾಯಿ ಅವರ ತೋಳಿನಿಂದ ಇಷ್ಟು ರಕ್ತ ತೆಗೆದು ತಿಳಿ ಮಾಡಿ ಸ್ಲೈಡಿಗೆ ಬೆರೆಸಿದಳು. ಹಾಲು ಒಡೆದು ಪನೀರಿನಂತಾಯಿತು.

ಆಕೆ ಸ್ಲೈಡು ಕೆಳಗಿಟ್ಟು ಡಾಕ್ಟರರನ್ನು ಮೇಲಿಂದ ಕೆಳಗೆ ನೋಡಿದಳು.

"ಸರ್, ಕುಂದ್ರಿ."

"ಬ್ಯಾಡ. ನಿಂತಿರ್ತೀನಿ."

"ಹೈದರಾಬಾದದಿಂದ ಬಸ್ಸಿನ್ಯಾಗ ಹ್ಯಾಂಗ ಬಂದ್ರಿ?"

"ನಿಂತೇ ಬಂದೆ. ಸೀಟು ಇರಲಿಲ್ಲ."

"ಸೀಟು ಇರಲಿಲ್ಲೋ, ಕುಂದರ್ಲಾಕ ಬರಲಿಲ್ಲೋ?" ಭೀಮಬಾಯಿ ದನಿ ತಗ್ಗಿಸಿದಳು, ಆದರೆ ಆಕೆ ತಗ್ಗಿಸಿದ ದನಿಯೂ ರಸ್ತೆಗೆ ಕೇಳುತ್ತಿತ್ತು. "ಕುರು ಎದ್ದು ಎಷ್ಟು ದಿನಾ ಆತ್ರಿ?"

ಡಾಕ್ಟರರ ಕಿವಿ ಕೆಂಪಾದವು. ಅಧಿಕಾರಿಗಳಲ್ಲೊಬ್ಬರು ಕೆಮ್ಮಿದರು. ಕೊನೆಗೆ ಉತ್ತರ ಬಂತು. "ಐದು."

"ಐದು ದಿನಾ ಕೀವು ಹೊತ್ತು ತಿರಗಾಡಿ, ಪಟ್ಟಿ ಕೆಟ್ಟದ ಅಂತೀರಿ! ಪಟ್ಟಿ ನೆಟ್ಟಗದ ಸರ್. ನೀವೇ ಕೆಟ್ಟೀರಿ."

ಪಾಂಡುರಂಗರಾಯರೇ ಅವರನ್ನು ಬಾಡಿಗೆ ಜೀಪಿನಲ್ಲಿ ಗುಲಬರ್ಗಾಕ್ಕೆ ಕರೆದೊಯ್ದರು. ಡಾ. ಅಭಯರು ಹಿಂದಿನ ಸೀಟಿನಲ್ಲಿ ಬೋರಲು ಮಲಗಿ ಹೋದರು. ಸರ್ಜನ್ ಅಂದೇ ಕುರು ಕೊಯ್ದು, ಇನ್ನೆರಡು ದಿನ ತಡವಾಗಿದ್ದರೆ ಒಳಗೊಳಗೇ ಸುರಂಗ ಕೊರೆಯುತ್ತಿತ್ತು ಎಂದರಂತೆ. ಕೊಯ್ಯುವುದನ್ನು ನೋಡಬಾರದೆಂದು ರಾಯರು ಆಸ್ಪತ್ರೆಯ ಹೊರಗೇ ನಿಂತಿದ್ದರು. ಅಲ್ಲಿಯೂ ಬಿದ್ದರು. ಆ ವಿಷಯ ಬೇರೆ. ಅಧಿಕಾರಿಗಳು ಮಾತ್ರ ಇಂಥ ಪ್ರಾತ್ಯಕ್ಷಿಕೆಯನ್ನು ಬದುಕಿನಲ್ಲೇ ಕಂಡಿರಲಿಲ್ಲ. ಯೋಜನೆ ಇನ್ನೆರಡು ವರ್ಷ ಮುಂದುವರಿಯಲೆಂದು ಬರೆದು ಹೋದರು.

ಪ್ರಬಂಧ 2007ರಲ್ಲಿ ಪರದೇಶದ ಪತ್ರಿಕೆಯೊಂದರಲ್ಲಿ ಅಚ್ಚಾಯಿತು. ಕೊನೆಯ ಸಾಲಿನಲ್ಲಿ ಕೃತಜ್ಞತೆ ಇತ್ತು. ರಾಯರು ಕನ್ನಡಕ ಏರಿಸಿ ದೊಡ್ಡ ದನಿಯಲ್ಲಿ ಓದಿದರು. "ತಾಂತ್ರಿಕ ನೆರವಿಗಾಗಿ ಶ್ರೀಯುತ ಭೀಮ್ ಬಾಯ್ ಅವರಿಗೆ..."

"ಯಾರಂವ?" ಎಂದಳು ಭೀಮಬಾಯಿ.

ಪ್ರಮಿತಾ ನಾಚಿಕೊಂಡು ಪತ್ರಿಕೆಗೆ ಬರೆದಳು. ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಬಂತು. ತನ್ನ ಪಿಎಚ್.ಡಿ. ಗ್ರಂಥದಲ್ಲಂತೂ ಅವಳು ಗುಳಗಿಯ ಪ್ರಯೋಗಕ್ಕೆ ಒಂದು ಅಧ್ಯಾಯವನ್ನೇ ಕೊಟ್ಟು, ಅದನ್ನು ಮೊದಲು ಮಾಡಿದಾಕೆ ಯಾರೆಂದು ಹೆಸರು, ಊರು ಸಮೇತ ಬರೆದಳು. ಭೀಮಬಾಯಿ ಆ ಪುಟದ ಮೇಲೆ ಬೆರಳಿಟ್ಟು ತನ್ನ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಎಣಿಸಿದಳು. ಆ ದಿನ ಆಕೆ ಯಾರಿಗೂ ಬೈಯಲಿಲ್ಲ. ರಾಯರು ಗಾಬರಿಯಾಗಿ, ಮೈ ಹುಷಾರಿದೆಯೇ ಎಂದು ಎರಡು ಸಲ ಕೇಳಿದರು.

ಪಟ್ಟಿ ಮಾರುಕಟ್ಟೆಗೆ ಬರಲಿಲ್ಲ. ಅದನ್ನು ಅಗ್ಗವಾಗಿ ಮಾಡಿಕೊಡುವವರು ಯಾರೂ ಸಿಗಲಿಲ್ಲ. ಲ್ಯಾಬಿನಲ್ಲಿ ಕಪ್ಪು ಸ್ಲೈಡೂ ಗಾಜಿನ ನಳಿಗೆಯೂ ಮೊದಲಿನಂತೆಯೇ ನಡೆದವು. ಬದಲಾದದ್ದು ಒಂದೇ. ರಿಜಿಸ್ಟರಿನಲ್ಲಿ ಹೆಸರು, ವಯಸ್ಸಿನ ಪಕ್ಕ ಭೀಮಬಾಯಿ ತಾನೇ ಗೆರೆ ಎಳೆದು ಹೊಸ ಕಾಲಮ್ಮು ಮಾಡಿದಳು: "ಇವತ್ತು ಏನು ನುಂಗೀರಿ?" ಜನ ಸುಳ್ಳು ಹೇಳಿದರೆ ಸೂಜಿಯನ್ನು ಎತ್ತಿ ಹಿಡಿದು ಮತ್ತೊಮ್ಮೆ ಕೇಳುತ್ತಿದ್ದಳು. ಎರಡನೆಯ ಸಲ ಯಾರೂ ಸುಳ್ಳು ಹೇಳುತ್ತಿರಲಿಲ್ಲ. ಯಾರಿಗೂ ತಿಳಿಯದಂತೆ ನಾಟಿ ವೈದ್ಯನ ಪುಡಿ ತಿನ್ನುತ್ತಿದ್ದವರು, ಹೆಂಡತಿಯ ಸಕ್ಕರೆ ಕಾಯಿಲೆಯ ಗುಳಗಿಯನ್ನು ತಾವು ನುಂಗಿ ನೋಡಿದವರು, ಎಲ್ಲರೂ ಆ ಕಾಲಮ್ಮಿನಲ್ಲಿ ಸಿಕ್ಕಿಬಿದ್ದರು. ಡಾಕ್ಟರರು ಈಗ ರಿಪೋರ್ಟಿಗಿಂತ ಮೊದಲು ಅದನ್ನೇ ಕೇಳುತ್ತಿದ್ದರು.

2009ರಲ್ಲಿ ಪ್ರಮಿತಾ ಫೋನು ಮಾಡಿದಳು. ಈಗ ಅವಳದೇ ಸ್ವಂತ ಯೋಜನೆ. ಎಮ್ಮೆಗಳಿಗೆ ಕೆಚ್ಚಲು ಬಾವು ಬರುವುದನ್ನು, ಕೆಚ್ಚಲು ಊದಿಕೊಳ್ಳುವ ಮುಂಚೆಯೇ ಪಟ್ಟಿಯಿಂದ ಪತ್ತೆಹಚ್ಚುವುದು. ಚಿಂಚೋಳಿ ಕಡೆಯ ಹಳ್ಳಿಗಳಲ್ಲಿ ನೂರು ಎಮ್ಮೆಗಳ ರಕ್ತ ಬೇಕಿತ್ತು.

"ನಿಮ್ಮ ಕೈಯಷ್ಟು ಹಗೂರ ಕೈ ಯಾರದೂ ಇಲ್ಲ ಭೀಮಕ್ಕ. ಬರ್ತೀರೇನು?"

"ಎಮ್ಮಿ ಗುಳಗಿ ನುಂಗೂದಿಲ್ಲ, ಸುಳ್ಳೂ ಹೇಳೂದಿಲ್ಲ. ನಾಳಿನೇ ಬರ್ತೀನಿ ತಗೋ," ಎಂದಳು ಭೀಮಬಾಯಿ.

ಹೋದಳು. ಮೊದಲನೆಯ ಎಮ್ಮೆಯೇ ಮೊಣಕಾಲಿಗೆ ಒದೆಯಿತು. ಆಕೆ ಕುಂಟುತ್ತಾ ಎದ್ದು, ಎಮ್ಮೆಗೂ ಅದರ ಮಾಲೀಕನಿಗೂ ಒಟ್ಟಿಗೇ ಬೈದು, ಸೂಜಿಯನ್ನು ಮತ್ತೆ ಕೈಗೆ ತೆಗೆದುಕೊಂಡಳು.